ಪ್ಯಾರಸಿಟಮಾಲ್ ಮಾತ್ರೆಯನ್ನು ಎಚ್‌ಪಿಎಲ್‌ಸಿಯಲ್ಲಿ ಅಳೆಯುವ ಬಗೆ

ಎಚ್‌ಪಿಎಲ್‌ಸಿ ಎಂದರೆ ದ್ರಾವಣದ ಘಟಕಗಳನ್ನು ಕಾಲಂ ಎಂಬ ಕೊಳವೆಯಲ್ಲಿ ಬೇರ್ಪಡಿಸಿ ಅಳೆಯುವ ವಿಧಾನ. ಮೊದಲು ಮೊಬೈಲ್ ಫೇಸ್ (ಕಾಲಂ ಮೂಲಕ ಹರಿಸುವ ದ್ರವ): ನೀರು 750 ಮಿ.ಲೀ., ಮೆಥನಾಲ್ 250 ಮಿ.ಲೀ. ಎರಡನ್ನೂ ಬೇರೆಬೇರೆಯಾಗಿ ಅಳೆದೇ ಬೆರೆಸಿ. ಮೆಥನಾಲಿನ ಮೇಲೆ ಒಂದು ಲೀಟರ್ ಗೆರೆಯವರೆಗೆ ನೀರು ಸುರಿದರೆ ಪ್ರಮಾಣ ತಪ್ಪುತ್ತದೆ, ಏಕೆಂದರೆ ಬೆರೆತಾಗ ಗಾತ್ರ ಕುಗ್ಗುತ್ತದೆ. ಬಾಟಲಿ ಮುಟ್ಟಿ ನೋಡಿ, ಬೆಚ್ಚಗಿರುತ್ತದೆ. ಒಳಗೋಡೆಗೆ ಸಣ್ಣ ಗುಳ್ಳೆಗಳು ಅಂಟಿರುತ್ತವೆ. ತಣಿದ ಮೇಲೆ 0.45 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ಸೋನಿಕೇಟರಿನಲ್ಲಿಟ್ಟು (ಶ್ರವಣಾತೀತ ತರಂಗಗಳಿಂದ ಅಲುಗಿಸುವ ತೊಟ್ಟಿ) ಗಾಳಿ ತೆಗೆಯಿರಿ. ಇದನ್ನು ಬಿಟ್ಟರೆ ಪಂಪಿನ ಒತ್ತಡ ಏರಿಳಿದು, ಗ್ರಾಫಿನ ತಳಗೆರೆಯಾದ ಬೇಸ್‌ಲೈನ್ ಅಲೆಯಾಡುತ್ತದೆ.

20 ಮಾತ್ರೆ ತೂಗಿ, ಸರಾಸರಿ ಬರೆದಿಟ್ಟು, ನುಣ್ಣಗೆ ಅರೆಯಿರಿ. 100 ಮಿ.ಗ್ರಾಂ. ಪ್ಯಾರಸಿಟಮಾಲ್ ಇರುವಷ್ಟು ಪುಡಿಯನ್ನು 100 ಮಿ.ಲೀ. ಫ್ಲಾಸ್ಕಿಗೆ ಹಾಕಿ, ಮೊಬೈಲ್ ಫೇಸಿನಲ್ಲಿ 15 ನಿಮಿಷ ಸೋನಿಕೇಟ್ ಮಾಡಿ, ತಣಿಸಿ, ಗೆರೆಗೆ ತುಂಬಿಸಿ. ಬಿಸಿಯಿದ್ದಾಗಲೇ ತುಂಬಿಸಿದರೆ ಆಮೇಲೆ ಗೆರೆಯಿಂದ ಕೆಳಗಿಳಿಯುತ್ತದೆ. ಸೋಸುವಾಗ ಮೊದಲ 3 ಮಿ.ಲೀ. ಚೆಲ್ಲಿ. ಉಳಿದದ್ದರಲ್ಲಿ 1 ಮಿ.ಲೀ. ಪಿಪೆಟ್ಟಿನಿಂದ ತೆಗೆದು 100 ಮಿ.ಲೀ.ಗೆ ಏರಿಸಿದರೆ ಮಿ.ಲೀ.ಗೆ 10 ಮೈಕ್ರೋಗ್ರಾಂ. ಸ್ಟ್ಯಾಂಡರ್ಡ್ (ಹೋಲಿಕೆಗೆ ಬಳಸುವ, ಶುದ್ಧತೆ ಗೊತ್ತಿರುವ ಪ್ಯಾರಸಿಟಮಾಲ್ ದ್ರಾವಣ) ಕೂಡ ಇದೇ ಸಾಂದ್ರತೆಯಲ್ಲಿರಲಿ.

ಯಂತ್ರದಲ್ಲಿ ಸಿ18 ಕಾಲಂ (18 ಕಾರ್ಬನ್ ಸರಪಳಿ ಅಂಟಿಸಿದ ಸಿಲಿಕಾ ತುಂಬಿದ್ದು), ಹರಿವು ನಿಮಿಷಕ್ಕೆ 1 ಮಿ.ಲೀ., ಇಂಜೆಕ್ಷನ್ 10 ಮೈಕ್ರೋಲೀಟರ್, ಅಳೆಯುವ ಯುವಿ ಬೆಳಕಿನ ತರಂಗಾಂತರ 243 ನ್ಯಾನೊಮೀಟರ್. ಸ್ಟ್ಯಾಂಡರ್ಡನ್ನು ಐದಾರು ಸಲ ಇಂಜೆಕ್ಟ್ ಮಾಡಿ. ಪೀಕ್ ಏರಿಯಾದ (ಗ್ರಾಫಿನ ಶಿಖರದ ವಿಸ್ತೀರ್ಣ) ಆರ್‌ಎಸ್‌ಡಿ, ಅಂದರೆ ಸರಾಸರಿಗೆ ಹೋಲಿಸಿದ ಏರುಪೇರು, 2% ಮೀರಿದರೆ ಸ್ಯಾಂಪಲ್ ಹಾಕಲೇಬೇಡಿ. ಮಾತ್ರೆಯನ್ನು ಅನುಮಾನಿಸುವ ಮುನ್ನ ಗುಳ್ಳೆ, ಸೋರಿಕೆ, ಇಂಜೆಕ್ಟರ್ ನೋಡಿ.