ಅಮ್ಮ ಒಬ್ಬಳೇ ಡಲ್ಲಾಸ್ ತಲುಪಿದಳು: ನನ್ನ ಅನುಭವ

2025ರ ನವೆಂಬರ್‌ನಲ್ಲಿ ನಮ್ಮಮ್ಮ ತಿಪಟೂರು ಪಕ್ಕದ ನಮ್ಮ ಹಳ್ಳಿಯಿಂದ, ದುಬೈನಲ್ಲಿ ವಿಮಾನ ಬದಲಿಸಿ, ಅಮೆರಿಕದ ಡಲ್ಲಾಸ್‌ಗೆ ಒಬ್ಬಳೇ ಹೋದಳು. ವಯಸ್ಸು 66. ಓದಿದ್ದು ನಾಲ್ಕನೇ ಕ್ಲಾಸು. ಇಂಗ್ಲಿಷ್ ಅಂದರೆ ಥ್ಯಾಂಕ್ಯೂ ಒಂದೇ. ಅಲ್ಲಿರೋ ನನ್ನ ತಂಗಿಯ ಬಾಣಂತನಕ್ಕೆ ಹೋಗಲೇಬೇಕಿತ್ತು, ಜೊತೆಗೆ ಹೋಗೋಣ ಅಂದರೆ ನನಗೆ ರಜೆಯೂ ಇಲ್ಲ, ಇನ್ನೊಂದು ಟಿಕೆಟ್‌ಗೆ ದುಡ್ಡೂ ಇಲ್ಲ. "ದುಬೈನಲ್ಲಿ ಕಳೆದುಹೋದ್ರೆ ಯಾರನ್ನೋ ಕೇಳ್ತೀಯ?" ಅಂತ ದೊಡ್ಡಪ್ಪ ಅರಳಿಕಟ್ಟೆಯಲ್ಲಿ ನಾಲ್ಕು ಜನರ ಮುಂದೆ ಬೈದರು. ಅದೇ ದೊಡ್ಡಪ್ಪ ಈಗ ದೊಡ್ಡಮ್ಮನನ್ನು ಮಗಳ ಮನೆಗೆ ಕಳಿಸೋದು ಹೇಗೆ ಅಂತ ನಮ್ಮ ಜಗಲಿಗೆ ಬಂದು ಕೂರುತ್ತಾರೆ. ಪ್ರತಿ ಸಲ ಬಾಯಲ್ಲಿ ಹೇಳಿ ಸಾಕಾಯಿತು, ಅದಕ್ಕೇ ಬರೆಯುತ್ತಿದ್ದೇನೆ.

ಫಾರಂ ತುಂಬೋದು, ಅಪಾಯಿಂಟ್‌ಮೆಂಟ್ ಎಲ್ಲ ನಿಮಗೆ ಗೊತ್ತಿರೋದೇ. 60 ದಾಟಿದವರಿಗೆ ಪಾಸ್‌ಪೋರ್ಟ್ ಫೀಸಿನಲ್ಲಿ ಹತ್ತು ಪರ್ಸೆಂಟ್ ಬಿಡುತ್ತಾರೆ, 1500 ಇದ್ದದ್ದು 1350 ಆಯಿತು. ಇಡೀ ಕೆಲಸದಲ್ಲಿ ನನಗೆ ಉಳಿದ ದುಡ್ಡು ಅದೊಂದೇ.

ವೀಸಾ ಮೊದಲ ಸಲ ಸಿಗಲಿಲ್ಲ. ಅದು 2024ರಲ್ಲಿ, ಸುಮ್ನೆ ಬಂದು ಹೋಗಲಿ ಅಂತ ತಂಗಿ ಕರೆದಾಗ. ಒಬ್ಬ ಏಜೆಂಟ್ ಎಂಟು ಸಾವಿರ ತಗೊಂಡು ಇಪ್ಪತ್ತು ಪ್ರಶ್ನೆ, ಇಪ್ಪತ್ತು ಉತ್ತರ ಉರು ಹೊಡೆಸಿದ್ದ. ಚೆನ್ನೈಯಲ್ಲಿ ಸಂದರ್ಶನ. ಅಮ್ಮ ಮೂರನೇ ಪ್ರಶ್ನೆಗೆ ಐದನೆಯದರ ಉತ್ತರ ಹೇಳಿದಳು, ಅಷ್ಟೇ, ಚೀಟಿ ಕೊಟ್ಟು ಕಳಿಸಿದರು. ಫೀಸು 185 ಡಾಲರ್, ಹದಿನೈದು ಹದಿನಾರು ಸಾವಿರ, ವಾಪಸ್ ಬರಲ್ಲ. ರೈಲಿನಲ್ಲಿ ಜೋಲಾರ್‌ಪೇಟೆವರೆಗೂ ಒಂದು ಮಾತಿಲ್ಲ. ಆಮೇಲೆ "ಅಷ್ಟು ದುಡ್ಡಿಗೆ ಎಷ್ಟು ಕಾಯಿ ಮಾರಬೇಕೋ?" ಅಂದಳು.

ಎರಡನೇ ಸಲ ಏಜೆಂಟೂ ಇಲ್ಲ, ಉರು ಹೊಡೆಯೋದೂ ಇಲ್ಲ. ಇರೋದನ್ನ ಇದ್ದ ಹಾಗೆ ಹೇಳಮ್ಮ ಅಂದೆ. ಎಂಬತ್ತು ತೆಂಗಿನ ಮರ, ಎರಡು ಹಸು, ಮಗಳಿಗೆ ಚೊಚ್ಚಲು ಬಾಣಂತನ, ಬೇಸಿಗೆ ಮುಗಿಯೋದರೊಳಗೆ ಬಂದುಬಿಡಬೇಕು, ಇಲ್ಲದಿದ್ದರೆ ಹಸು ಯಾರು ನೋಡ್ತಾರೆ ಅಂತ ಅವರನ್ನೇ ಕೇಳಿದಳಂತೆ. ವೀಸಾ ಆಯಿತು. ಟಿಕೆಟ್ಟು, ಇನ್ಶೂರೆನ್ಸು, ಓಡಾಟ ಸೇರಿ ಎರಡು ಲಕ್ಷದ ಹತ್ತಿರ ಹೋಯಿತು. ಆ ವರ್ಷ ಕೊಬ್ಬರಿ ಕ್ವಿಂಟಲಿಗೆ ಇಪ್ಪತ್ತು ಸಾವಿರ ದಾಟಿದ್ದಕ್ಕೆ ಬಚಾವು. ಅಟ್ಟದ ಮೇಲೆ ಇದ್ದದ್ದೆಲ್ಲ ಇಳಿಸಿ ಸುಲಿಸಿದೆ.

ಈಗ ತಾಲೀಮಿನ ವಿಷಯ, ನನ್ನ ಜಾಣತನ ಇರೋದು ಇಲ್ಲೇ. ಮೊದಲು ಮನೆಯಲ್ಲಿ ಹದಿನಾರು ಗಂಟೆ ಕುರ್ಚಿ ಮೇಲೆ ಕೂರಿಸಿ ನೋಡೋಣ ಅಂದುಕೊಂಡೆ. ದುಬೈನಿಂದ ಡಲ್ಲಾಸ್‌ಗೆ ಹೆಚ್ಚುಕಮ್ಮಿ ಅಷ್ಟು ಹೊತ್ತು ಬೇಕಲ್ವಾ? ಮೂರು ಗಂಟೆಗೆ ಎದ್ದು ಹಸುಗೆ ನೀರು ಕುಡಿಸೋಕೆ ಹೋದಳು. ಬೆಂಗಳೂರಿನ ಮಾಲಿನಲ್ಲಿ ಎಸ್ಕಲೇಟರ್ ಹತ್ತಿಸೋಕೆ ಹೋಗಿ ಸೀರೆ ಅಂಚು ಸಿಕ್ಕಿ ಹರಿಯಿತು, ವೀಲ್‌ಚೇರ್ ಹಾಕಿಸೋದೇ ಸರಿ ಅಂತ ಅದನ್ನೂ ಬಿಟ್ಟೆ. ಕೈಹಿಡಿದಿದ್ದು ಹುಬ್ಬಳ್ಳಿ. ಬೆಂಗಳೂರಿನಿಂದ ಹುಬ್ಬಳ್ಳಿಗೆ ವಿಮಾನದಲ್ಲಿ ಹೋಗೋದು, ಅಲ್ಲಿಂದ ಅರಸೀಕೆರೆ ಮೇಲೆ ರೈಲಿನಲ್ಲಿ ಸೀದಾ ತಿಪಟೂರಿಗೆ ಬರೋದು. ಅಮ್ಮ ಮುಂದೆ ಕೂತಳು, ನಾನು ಬೇಕಂತಲೇ ಹತ್ತು ಸಾಲು ಹಿಂದೆ. ಬೆಲ್ಟು ಹಾಕಿಕೊಂಡಳು, ತೆಗೆಯೋಕೆ ಬರಲಿಲ್ಲ. ಟಾಯ್ಲೆಟ್ಟಿನ ಬಾಗಿಲು ಮಧ್ಯಕ್ಕೆ ಮಡಚುತ್ತೆ ಅಂತ ಗೊತ್ತಾಗದೆ ಹಿಡಿ ಹುಡುಕುತ್ತಾ ನಿಂತಿದ್ದಳು. ಅದು ದುಬೈ ದಾಟಿದ ಮೇಲೆ ಆಗೋ ಬದಲು ಹಾವೇರಿ ಮೇಲೆ ಆಗಿದ್ದು ಒಳ್ಳೇದೇ ಆಯಿತು. ಇಬ್ಬರಿಗೂ ಸೇರಿ ಏಳು ಸಾವಿರ ಖರ್ಚು, ಯಾರು ಏನೇ ಅನ್ನಲಿ, ನಾನು ಹಾಕಿದ ದುಡ್ಡಲ್ಲಿ ಇದೇ ಲಾಭದ್ದು.

ಇನ್ನೊಂದು, ಕಾರ್ಡುಗಳು. ಮದುವೆ ಪತ್ರಿಕೆಯ ರಟ್ಟು ಕತ್ತರಿಸಿ ಹದಿನಾಲ್ಕು ಕಾರ್ಡು ಮಾಡಿದೆ, ಒಂದು ಕಡೆ ಕನ್ನಡ, ಇನ್ನೊಂದು ಕಡೆ ಇಂಗ್ಲಿಷ್. ನೀರು ಬೇಕು, ಮೊಟ್ಟೆ ತಿನ್ನಲ್ಲ, ಮಗಳ ಫೋನ್ ನಂಬರ್ ಇದು, ಹೀಗೆ. ದಾರ ಪೋಣಿಸಿ ಕುತ್ತಿಗೆಗೆ ಹಾಕಿದೆ. ಒಂಬತ್ತನೇ ಕಾರ್ಡಿನಲ್ಲಿ ಏನಿತ್ತು ಅಂತ ಹೇಳಲ್ಲ, ದೊಡ್ಡಪ್ಪನಿಗೂ ಹೇಳಿಲ್ಲ.

ತಿಂಡಿಯದು ದೊಡ್ಡ ಎಡವಟ್ಟು. ಅತ್ತೆ, ಚಿಕ್ಕಮ್ಮ ಎಲ್ಲ ಸೇರಿ ಎರಡು ದಿನ ಕೂತು ನಾಲ್ಕು ಕೆಜಿ ಅಂಟಿನುಂಡೆ ಕಟ್ಟಿದರು. ಹಾಡೇನು, ನಗುವೇನು, ಮನೆ ಮದುವೆ ಮನೆ ಥರ ಆಗಿತ್ತು. ರಾತ್ರಿ ತಂಗಿ ಫೋನ್ ಮಾಡಿ "ಅಣ್ಣ, ಗಸಗಸೆ ಹಾಕಿಲ್ಲ ತಾನೇ?" ಅಂದಳು. ದುಬೈನಲ್ಲಿ ಗಸಗಸೆ ಮಾದಕವಸ್ತು ಲೆಕ್ಕ, ಸಿಕ್ಕರೆ ಕೇಸು. ಬಾದಾಮಿ, ಗೋಡಂಬಿ ಸೇರಿ ಮೂರೂವರೆ ಸಾವಿರದ ಉಂಡೆ ಮನೆಯಲ್ಲೇ ಉಳಿಯಿತು. ಬಾಣಂತಿ ತಿನ್ನಬೇಕಾದ್ದನ್ನು ಎರಡು ತಿಂಗಳು ನಾನು ತಿಂದೆ. ಗಸಗಸೆ ಬಿಟ್ಟು ಮತ್ತೆ ಎರಡು ಕೆಜಿ ಮಾಡಿದ್ದಾಯಿತು. ಹಸಿ ಕರಿಬೇವೂ ಅಮೆರಿಕದೊಳಗೆ ಬಿಡಲ್ಲ, ಇಡಲೇಬೇಡಿ. ದಾರಿಗೆ ಯಾವುದು ಕೆಡಲ್ಲ ಅಂತ ಮೂರು ಡಬ್ಬಿ ಒಂದು ದಿನ ಮುಚ್ಚಿಟ್ಟು ನೋಡಿದೆ: ಅಕ್ಕಿ ರೊಟ್ಟಿ ರಟ್ಟಾಯಿತು, ಚಪಾತಿ ಪರವಾಗಿಲ್ಲ, ಪುಳಿಯೋಗರೆ ಗೆದ್ದಿತು. ಉಪ್ಪಿನಕಾಯಿ ಎಣ್ಣೆ ಒಂದು ಹನಿಯೂ ಸೋರದ ಹಾಗೆ ಕಟ್ಟಿದ್ದು ಹೇಗೆ ಅಂತ ಕೇಳಬೇಡಿ, ನನ್ನ ಬಾಮೈದ ಅದನ್ನೇ ವ್ಯಾಪಾರ ಮಾಡ್ತೀನಿ ಅಂತಿದ್ದಾನೆ.

ಮಗು ಮಲಗಿಸೋಕೆ ಅಮ್ಮ ತನ್ನ ಹಳೇ ಹತ್ತಿ ಸೀರೆ ಏಳು ಒಗೆದು ಮಡಚಿಟ್ಟಳು. ಈ ಕಡೆ ಹಸುವಿನ ಗೋಳು. ನನ್ನ ಹೆಂಡತಿ ತುಮಕೂರು ಪೇಟೆಯವಳು, ಹಾಲು ಕರೆದವಳಲ್ಲ. ಗೌರಿ ಎರಡು ಸಲ ಬಕೆಟ್ ಒದ್ದಿತು, ಒಂದು ವಾರ ಡೇರಿಗೆ ಅರ್ಧಕ್ಕರ್ಧ ಹಾಲು. ಕೊನೆಗೆ ಹೆಂಡತಿ ಅಮ್ಮನಿಗೆ ಹೇಳದೆ ಸೂಟ್‌ಕೇಸಿನಿಂದ ಒಂದು ಸೀರೆ ಎಳೆದು, ಉಟ್ಟುಕೊಂಡು ಹೋಗಿ ಕೂತಳು. ಗೌರಿ ಮೂಸಿ ನೋಡಿ ಸುಮ್ಮನೆ ನಿಂತಿತು.

ಕೊಬ್ಬರಿ ತೂಗೋ ತಕ್ಕಡಿಯಲ್ಲೇ ಎರಡೂ ಪೆಟ್ಟಿಗೆ ತೂಗಿ, 23 ಕೆಜಿ ದಾಟದ ಹಾಗೆ ನೋಡಿಕೊಂಡು, ರಾತ್ರಿ ದೇವನಹಳ್ಳಿಗೆ ಹೋದೆವು. ನನ್ನನ್ನು ಒಳಗೆ ಬಿಡಲ್ಲ, ಗಾಜಿನಾಚೆ ನಿಂತೆ. ಅರ್ಧ ಗಂಟೆಗೆ ವೀಲ್‌ಚೇರ್ ತಳ್ಳೋ ಹುಡುಗ ಬಾಗಿಲಿಗೆ ಬಂದ, ಗುಬ್ಬಿ ಕಡೆಯವನು, ಕೈಯಲ್ಲಿ ನಾಲ್ಕು ಗಿಟುಕ ಕೊಬ್ಬರಿ. "ಇಡೀ ಕೊಬ್ಬರಿ ಬಿಡಲ್ಲ ಅಣ್ಣ, ಬೇಗ ಬೆಂಕಿ ಹತ್ತುತ್ತೆ ಅಂತಾರೆ. ಅಜ್ಜಿ, ತಿಪಟೂರಿನವರು ಬರೀ ಕೈಯಲ್ಲಿ ಹೋಗೋದಾ ಅಂತ ಜಗಳಕ್ಕೇ ನಿಂತಿದ್ರು" ಅಂದ. ಬೇಡ ಅಂತ ಮೂರು ಸಲ ಹೇಳಿದ್ದೆ, ಯಾವಾಗ ತುರುಕಿದಳೋ! ಪಾರ್ಕಿಂಗಿನಲ್ಲಿ ಒಂದು ಒಡೆದು ತಿಂದೆ, ನುಂಗೋಕಾಗಲಿಲ್ಲ.

ಒಂದು ದಿನದ ಮೇಲೆ ತಂಗಿ ಫೋಟೋ ಕಳಿಸಿದಳು. ಕಾರ್ಡು ಕುತ್ತಿಗೆಯಲ್ಲೇ ಇತ್ತು, ಬಳಸಿದ್ದು ಎರಡೇ ಅಂತೆ.

ಚಳಿಗಾಲದಲ್ಲಿ ನಮಗೆ ಬೆಳಗ್ಗೆ ಆರಾದಾಗ ಅಲ್ಲಿ ಹಿಂದಿನ ದಿನ ಸಂಜೆ ಆರೂವರೆ. ಮೊನ್ನೆ ಅಮ್ಮ ಮಗು ತೋರಿಸೋಕೆ ವಿಡಿಯೋ ಕಾಲ್ ಮಾಡಿದ್ದಳು, ನಾನು ಫೋನ್ ಹಿಡಿದು ಸೀದಾ ಕೊಟ್ಟಿಗೆಗೆ ಹೋದೆ. ಹೆಂಡತಿ ಹಾಲು ಕರೆಯುತ್ತಿದ್ದಳು. ಅಮ್ಮ ಗೌರಿಯನ್ನು ನೋಡಲೇ ಇಲ್ಲ. "ಅಯ್ಯೋ, ಆ ಹಸಿರು ಸೀರೆ! ಅದನ್ನ ಇಲ್ಲಿ ಎಲ್ಲೆಲ್ಲಿ ಹುಡುಕಿದೆ ಗೊತ್ತೇನೇ!" ಅಂದಳು.