ಅಡಿಕೆ ತೋಟದ ಮಿನಿ ಟ್ರ್ಯಾಕ್ಟರಿಗೆ ರೋಲ್ ಬಾರ್: ನನ್ನ ಅನುಭವ

ಟ್ರ್ಯಾಕ್ಟರ್ ಮಗುಚಿದರೆ ಓಡಿಸುವವನು ಅಡಿಗೆ ಸಿಗದಂತೆ ಸೀಟಿನ ಹಿಂದೆ ನಿಲ್ಲಿಸುವ ಕಬ್ಬಿಣದ ಕಮಾನೇ ರೋಲ್ ಬಾರ್. ಅಡಿಕೆ ತೋಟದಲ್ಲಿ ಅದು ನಡೆಯಲ್ಲ ಅಂತ ನಮ್ಮ ತೀರ್ಥಹಳ್ಳಿ ಕಡೆ ತುಂಬಾ ಜನ ಹೇಳುತ್ತಾರೆ. ಸೋಗೆಗೆ ಸಿಕ್ಕಿಕೊಳ್ಳುತ್ತದೆ, ಮೆಣಸಿನ ಬಳ್ಳಿ ಹರಿಯುತ್ತದೆ ಅಂತ ಬಿಚ್ಚಿ ಕೊಟ್ಟಿಗೆ ಅಟ್ಟಕ್ಕೆ ಹಾಕಿದವರೇ ಜಾಸ್ತಿ. ಸೀಟ್ ಬೆಲ್ಟ್ ಮಾತು ಎತ್ತಿದರೆ, "ಕಟ್ಕೊಂಡ್ರೆ ಹಾರೋಕೆ ಆಗಲ್ಲ ಮಾರಾಯ" ಅನ್ನುವ ಉತ್ತರ ರೆಡಿ. ಕಳೆದ ಮಳೆಗಾಲದಲ್ಲಿ ನಮ್ಮ ಟ್ರ್ಯಾಕ್ಟರ್ ಧರೆಯಿಂದ, ಅಂದರೆ ತೋಟದಂಚಿನ ಕಡಿದಾದ ಮಣ್ಣಿನ ದಂಡೆಯಿಂದ, ಮಗುಚಿತು. ಓಡಿಸುತ್ತಿದ್ದ ನನ್ನ ತಮ್ಮ ತಾನೇ ಬೆಲ್ಟ್ ಬಿಚ್ಚಿಕೊಂಡು ಎದ್ದು ಬಂದ. ಇನ್ನು ಮೇಲೆ ನಾನು ವಾದ ಮಾಡುವುದಿಲ್ಲ, ಏನೇನು ಮಾಡಿದೆ ಅಂತ ಹೇಳಿಬಿಡುತ್ತೇನೆ.

ನಮ್ಮದು ಸೆಕೆಂಡ್ ಹ್ಯಾಂಡ್ ಗಾಡಿ. 24 ಎಚ್‌ಪಿ, ಫೋರ್ ವೀಲ್ ಡ್ರೈವ್. ಕೊಳ್ಳುವಾಗ ಬಾರ್ ಇರಲಿಲ್ಲ, ಹಿಂದಿನವರು ಗುಜರಿಗೆ ಹಾಕಿದ್ದರು. ಮೊದಲು ಪೇಟೆಯಲ್ಲಿ ವೆಲ್ಡಿಂಗ್‌ನವರ ಹತ್ತಿರ ಜಿಐ ಪೈಪಿನದ್ದು ಮಾಡಿಸಿದೆ. ಎಂಟೊಂಬತ್ತು ಸಾವಿರ ಹಿಡಿಯಿತು. ಒಂದು ಬೇಸಿಗೆ ಗೊಬ್ಬರ ಹೊಡೆಯುವಷ್ಟರಲ್ಲಿ ಬುಡದ ವೆಲ್ಡಿಂಗ್ ಸೀಳು ಬಿಟ್ಟಿತ್ತು. ಬರೀ ಕುಲುಕಾಟಕ್ಕೇ ಹೀಗೆ. ಆಮೇಲೆ ದಪ್ಪ ಚಾನಲ್ ಹಾಕಿಸಿ ಇನ್ನೊಂದು ಮಾಡಿಸಿದೆ, ಮತ್ತೆ ಹನ್ನೆರಡು ಸಾವಿರದ ಹತ್ತಿರ. ಅದು ಬಾಗುವುದೇ ಇಲ್ಲ. ತೊಂದರೆಯೂ ಅದೇ. ಬಾರ್ ಸ್ವಲ್ಪ ಬಾಗಿ ಹೊಡೆತ ನುಂಗಬೇಕು, ಇಲ್ಲದಿದ್ದರೆ ಎಲ್ಲಾ ಹೊಡೆತ ಬೋಲ್ಟಿಗೂ ಅದು ಕೂತಿರುವ ಆಕ್ಸಲ್ ಹೌಸಿಂಗಿಗೂ (ಆಕ್ಸಲ್ಲಿನ ಕವಚ) ಹೋಗುತ್ತದೆ. ಒಇಸಿಡಿ ಕೋಡ್ (ಟ್ರ್ಯಾಕ್ಟರ್ ಪರೀಕ್ಷೆಯ ಅಂತಾರಾಷ್ಟ್ರೀಯ ನಿಯಮ) ಪ್ರಕಾರ ಟೆಸ್ಟ್ ಮಾಡುವಾಗ ಹಿಂದಿನಿಂದ, ಪಕ್ಕದಿಂದ ತಳ್ಳಿ, ಮೇಲಿಂದ ಒತ್ತಿ ನೋಡುತ್ತಾರೆ. ಬಾರ್ ಬಾಗಬಹುದು, ಕೂತವನ ಜಾಗಕ್ಕೆ ಮಾತ್ರ ಬರಬಾರದು. ಪೇಟೆಯ ವೆಲ್ಡಿಂಗಿಗೆ ಈ ಲೆಕ್ಕ ಎಲ್ಲಿಂದ ಬರಬೇಕು?

ಕೊನೆಗೆ ಅದೇ ಮಾಡೆಲ್ಲಿನ ಕಂಪನಿ ಬಾರ್ ತರಿಸಿದೆ. ಮಡಚುವಂಥದ್ದು. ಬೆಲ್ಟು, ಅವರು ಹೇಳಿದ ಗ್ರೇಡಿನ ಬೋಲ್ಟು ಎಲ್ಲಾ ಸೇರಿ 38 ಸಾವಿರ ಇರಬೇಕು. ತಿಂಗಳುಗಟ್ಟಲೆ ಕಾದೆ. "ಇದೇ ದುಡ್ಡಿಗೆ ಕೊನೆ ಕೊಯ್ಯೋ ಒಂದು ದೋಟಿ, ಒಂದು ಸ್ಪ್ರೇಯರ್ ಬರ್ತಿತ್ತಲ್ಲೋ" ಅಂತ ಚಿಕ್ಕಪ್ಪ ಬೈದರು. ಸ್ವೀಡನ್‌ನಲ್ಲಿ 1959ರಿಂದಲೇ ಹೊಸ ಟ್ರ್ಯಾಕ್ಟರಿಗೆ ಇದು ಕಡ್ಡಾಯ ಅಂತ ಹೇಳಿ ನೋಡಿದೆ. "ಅಲ್ಲಿ ಅಡಿಕೆ ತೋಟ ಇದ್ಯಾ?" ಅಂದರು.

ತೋಟದ ಪ್ರಶ್ನೆ ನಿಜವಾದದ್ದೇ. ಅದಕ್ಕೆ ನಾನು ಕಂಡುಕೊಂಡದ್ದು ಇಷ್ಟು. ತೋಟದೊಳಗೆ ಟ್ರ್ಯಾಕ್ಟರ್ ಓಡುವ ಸಾಲುಗಳನ್ನು ಗೊತ್ತು ಮಾಡಿದೆ. ಆ ಸಾಲಿನ ಬಳ್ಳಿ ಎತ್ತಿ ಕಟ್ಟಿಸಿದೆ, ಜೋತ ಸೋಗೆ ತೆಗೆಸಿದೆ. ಸಮತಟ್ಟು ಜಾಗದಲ್ಲಿ, ಅದೂ ಸೋಗೆ, ಬಳ್ಳಿ ತೀರಾ ತಗ್ಗಿದ ಕಡೆ ಮಾತ್ರ ಬಾರ್ ಮಡಚುತ್ತೇವೆ. ಆ ಜಾಗ ಮುಗಿದು ಧರೆ ಹತ್ತಿರವಾಗುವಲ್ಲಿ ಸುಣ್ಣ ಬಳಿದ ಜಂಬಿಟ್ಟಿಗೆ ಕಲ್ಲು ನೆಟ್ಟಿದ್ದೇನೆ. ಆ ಕಲ್ಲು ಬಂತು ಅಂದರೆ ಗಾಡಿ ನಿಲ್ಲಿಸಿ, ಬಾರ್ ಎತ್ತಿ, ಪಿನ್ ಹಾಕಿ, ಬೆಲ್ಟ್ ಕಟ್ಟಿಯೇ ಮುಂದೆ. ಬಾರ್ ಮಡಚಿದಾಗ ಬೆಲ್ಟ್ ಕಟ್ಟಬಾರದು, ಎತ್ತಿದಾಗ ಕಟ್ಟದೆ ಓಡಿಸಬಾರದು. ಬೆಲ್ಟ್ ಇಲ್ಲದಿದ್ದರೆ ಮನುಷ್ಯ ಎಸೆಯಲ್ಪಟ್ಟು ಅದೇ ಬಾರಿನ ಅಡಿಗೆ ಸಿಗುತ್ತಾನೆ. ಹಾರಿ ತಪ್ಪಿಸಿಕೊಳ್ಳುತ್ತೇನೆ ಅನ್ನುವವರು ಒಂದು ವಿಷಯ ತಿಳಿಯಬೇಕು. ಮುಂದಿನ ಚಕ್ರ ಎದ್ದು ಹಿಂದಕ್ಕೆ ಮಗುಚುವಾಗ ಎಲ್ಲಾ ಮುಗಿಯಲು ಒಂದೂವರೆ ಸೆಕೆಂಡ್ ಸಾಕು.

ಗಾಡಿ ಸುಲಭಕ್ಕೆ ಮಗುಚದಂತೆ ಚಕ್ರಕ್ಕೆ ಮಾಡಿದ್ದರ ವಿಷಯಕ್ಕೆ ಬರುತ್ತೇನೆ. ಹಿಂದಿನ ಚಕ್ರ ತಿರುಗಿಸಿ ಹಾಕಿ ಅಗಲ ಮಾಡಿದೆವು. ಎಡದ್ದು ಬಲಕ್ಕೆ ಬರಬೇಕು, ಇಲ್ಲದಿದ್ದರೆ ಟೈರಿನ ಗುಬಟು (ಮಣ್ಣು ಹಿಡಿಯುವ ಉಬ್ಬು) ಉಲ್ಟಾ ಆಗುತ್ತದೆ. ಒಟ್ಟು ಏಳೆಂಟು ಇಂಚು ಸಿಕ್ಕಿತು. ಒಂಬತ್ತು ಅಡಿ ಅಂತರದ ಸಾಲಿನಲ್ಲಿ ಅದೇನೂ ಭಾರ ಆಗಲಿಲ್ಲ, ಆದರೆ ಬಸಿಗಾಲುವೆ ಮೇಲಿನ ಸಂಕಗಳು (ಪುಟ್ಟ ಸೇತುವೆಗಳು) ಸಾಲದೆ ಹೋದವು! ಎಲ್ಲಾ ಸಂಕ ಅಗಲ ಮಾಡಿಸಲು ಹದಿನೈದು ಸಾವಿರ. ಬಾರಿಗಿಂತ ನನಗೆ ಹೊಟ್ಟೆ ಉರಿದದ್ದು ಇದಕ್ಕೆ. ಭಾರ ಕೆಳಗೇ ಇರಲಿ ಅಂತ ಹಿಂದಿನ ಟೈರಿಗೆ ಮುಕ್ಕಾಲು ಪಾಲು ನೀರು ತುಂಬಿಸಿದೆ. ವಾಲ್ವ್ ಮೇಲೆ ಬರುವಂತೆ ನಿಲ್ಲಿಸಿ ಅಲ್ಲಿಯವರೆಗೆ ತುಂಬಿಸಿದರೆ ಸರಿಹೋಗುತ್ತದೆ. ಒಂದೊಂದಕ್ಕೆ 60 ಲೀಟರ್ ಆಸುಪಾಸು. ಪಂಕ್ಚರ್ ಅಂಗಡಿಯವರು 400 ರೂಪಾಯಿ ತಗೊಂಡರು. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ವ್ಯತ್ಯಾಸ ಇನ್ಯಾವುದೂ ಕೊಡಲಿಲ್ಲ. ಮುಂದಿನ ಬಂಪರಿಗೆ ಒಂದು ತೂಕದ ಪೆಟ್ಟಿಗೆಯನ್ನೂ ಮಾಡಿಸಿದ್ದೇನೆ. ಅದರೊಳಗೆ ಏನು ತುಂಬಿದ್ದೇನೆ, ಅಲುಗದಂತೆ ಹೇಗೆ ಕೂರಿಸಿದ್ದೇನೆ ಅನ್ನುವುದನ್ನು ತೋಟಕ್ಕೆ ಬಂದವರಿಗೆ ಮಾತ್ರ ತೋರಿಸುತ್ತೇನೆ.

ನಡುವೆ ಒಂದು ಬೇರೆ ಪ್ರಯೋಗವನ್ನೂ ಮಾಡಿದೆ. ಗಾಡಿ ಎಷ್ಟು ವಾಲಿದೆ ಅಂತ ನೋಡಲು ಮೊದಲು ದಾರಕ್ಕೆ ನಟ್ ಕಟ್ಟಿ ನೇತುಹಾಕಿದೆ. ಎಂಜಿನ್ ನಡುಕಕ್ಕೆ ಅದು ಕುಣಿಯುತ್ತಲೇ ಇತ್ತು. ಮೊಬೈಲ್ ಆಪ್ ಕೂಡ ಹಾಗೆಯೇ. ಬಾಗಿಸಿದ ಪಾರದರ್ಶಕ ಪೈಪಿನಲ್ಲಿ ಗೇರ್ ಆಯಿಲ್ ತುಂಬಿ ಬೇರಿಂಗ್ ಗೋಲಿ ಬಿಟ್ಟೆ. ಆಯಿಲ್ ದಪ್ಪ ಇರುವುದರಿಂದ ಗೋಲಿ ನಿಧಾನ ಸರಿಯುತ್ತದೆ, ಓದಲು ಸಿಗುತ್ತದೆ. ಆದರೂ ಒಂದು ಚಕ್ರ ಕಲ್ಲು ಹತ್ತಿ ಇನ್ನೊಂದು ಗುಂಡಿಗೆ ಇಳಿದರೆ ಗೋಲಿ ಹೇಳುವ ಮೊದಲೇ ಕೆಲಸ ಕೆಟ್ಟಿರುತ್ತದೆ. ಇಳಿಜಾರಿನಲ್ಲಿ ಫೋರ್ ವೀಲ್ ಹಾಕಿಯೇ ಇಳಿಯಿರಿ, ಆಗ ಮುಂದಿನ ಚಕ್ರವೂ ಹಿಡಿಯುತ್ತದೆ. ಹೂತ ಜೀಪು ಎಳೆಯಲು ಟ್ರ್ಯಾಕ್ಟರಿನ ಹಿಂದೆ ಎತ್ತರದಲ್ಲಿರುವ ಟಾಪ್ ಲಿಂಕಿಗೆ ಸರಪಳಿ ಕಟ್ಟುವವರನ್ನು ನೋಡಿದರೆ ನನಗೆ ಜೀವ ಹಾರುತ್ತದೆ, ಎಳೆತ ಮೇಲಿದ್ದರೆ ಮುಂದಿನ ಚಕ್ರ ಎದ್ದು ಹಿಂದಕ್ಕೆ ಮಗುಚುತ್ತದೆ. ಕೆಳಗಿರುವ ಡ್ರಾಬಾರಿಗೇ ಕಟ್ಟಿ.

ನಮ್ಮ ಗಾಡಿ ಮಗುಚಿದ್ದು ಅಡಿಕೆಯ ಕೊಳೆ ರೋಗಕ್ಕೆ ಮದ್ದು ಹೊಡೆಯುವ ಸಮಯದಲ್ಲಿ. ಹಿಂದೆ ಆ ಮದ್ದಿನ, ಅಂದರೆ ಬೋರ್ಡೋ ದ್ರಾವಣದ, 200 ಲೀಟರ್ ಬ್ಯಾರೆಲ್, ಅರ್ಧ ಖಾಲಿಯಾಗಿತ್ತು. ಅರ್ಧ ತುಂಬಿದ ಬ್ಯಾರೆಲ್ಲೇ ಅಪಾಯ, ಒಳಗೆ ದ್ರಾವಣ ಒಂದು ಕಡೆಗೆ ನುಗ್ಗುತ್ತದೆ. ಅಗಳಿನ (ತೋಟದ ಸುತ್ತಲಿನ ಕಂದಕ) ನೀರು ಧರೆಯನ್ನು ಒಳಗಿಂದ ಕೊರೆದಿತ್ತು, ಮೇಲಿಂದ ಗೊತ್ತಾಗುವಂತಿರಲಿಲ್ಲ. ಅಂಚು ಕುಸಿದು ಗಾಡಿ ಪಕ್ಕಕ್ಕೆ ಬಿತ್ತು, ಬಾರ್ ನೆಲಕ್ಕೆ ಊರಿ ಅಲ್ಲೇ ನಿಂತಿತು. ಪೂರ್ತಿ ಉರುಳಲಿಲ್ಲ. ತಮ್ಮನಿಗೆ ಭುಜ ತರಚಿತು, ಸೊಂಟದಲ್ಲಿ ಬೆಲ್ಟಿನ ಗುರುತು, ಅಷ್ಟೇ. ಮಾರನೇ ದಿನ ಚಿಕ್ಕಪ್ಪ ಬಂದು ಬಾರನ್ನು ಮುಟ್ಟಿ ಮುಟ್ಟಿ ನೋಡಿದರು. ಅವರ ಗಾಡಿಯ ಬಾರ್ ಈಗ ಅಟ್ಟದಿಂದ ಇಳಿದಿದೆ.

ಎತ್ತಿ ನಿಲ್ಲಿಸಿದ ಕೂಡಲೇ ಸ್ಟಾರ್ಟ್ ಮಾಡಬೇಡಿ. ಆಯಿಲ್ ಸಿಲಿಂಡರಿಗೆ ಇಳಿದಿದ್ದರೆ ಎಂಜಿನ್ನೊಳಗೆ ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗಬಹುದು. ಮೆಕ್ಯಾನಿಕ್ ಕರೆಸಿ, ಇಂಜೆಕ್ಟರ್ ಬಿಚ್ಚಿ, ಕೈಯಲ್ಲಿ ತಿರುಗಿಸಿ ನೋಡಿದ ಮೇಲೆಯೇ ಚಾವಿ ಹಾಕಿದೆವು. ಬಾರ್ ಎರಡು ಇಂಚಿನಷ್ಟು ಬಾಗಿತ್ತು. ಕಾಯಿಸಿ ನೆಟ್ಟಗೆ ಮಾಡಿಕೊಡುತ್ತೇನೆ ಅಂದವರಿದ್ದರು, ಒಪ್ಪಲಿಲ್ಲ. ಒಮ್ಮೆ ಹೊಡೆತ ತಿಂದ ಬಾರನ್ನು ಬದಲಾಯಿಸಲೇಬೇಕು. ಹೊಸದಕ್ಕೆ ಮತ್ತೆ ನಲವತ್ತು ಸಾವಿರದ ಹತ್ತಿರ ಕೊಟ್ಟೆ. ಈಗ ಧರೆ ಎಷ್ಟು ಆಳವೋ ಅಂಚಿನಿಂದ ಅಷ್ಟೇ ದೂರಕ್ಕೆ ಸುಣ್ಣದ ಕಲ್ಲುಗಳನ್ನು ಸರಿಸಿದ್ದೇನೆ. ಆರಡಿ ಧರೆಗೆ ಆರಡಿ. ಮೇಲಿನ ತೋಟದ ಕಡೆ ಇನ್ನೂ ಸ್ವಲ್ಪ ಬಾಕಿ ಇದೆ.