ಅದೇ ಮರವನ್ನು ಮತ್ತೆ ಮತ್ತೆ ಅಳೆಯುವ ಕೆಲಸ: ಸಸ್ಯಪರಿಸರ ಸಂಶೋಧನೆಯಲ್ಲಿ ನನ್ನ ಅನುಭವ

ಒಂದು ಕಾಡು ಈಗಿರುವಂತೆಯೇ ಮುಂದೆಯೂ ಇರುತ್ತದೆಯೇ, ಇಲ್ಲವಾದರೆ ಯಾವ ಕಡೆಗೆ ಹೊರಟಿದೆ ಎಂಬುದು ನನ್ನ ಸಂಶೋಧನೆಯುದ್ದಕ್ಕೂ ಬೆನ್ನು ಬಿಡದ ಪ್ರಶ್ನೆ. ಪ್ರಶ್ನೆಯೇನೋ ಹಳೆಯದೇ. ಸಸ್ಯಸಮುದಾಯವು ಹಂತಹಂತವಾಗಿ ಬೆಳೆದು, ಆಯಾ ಹವಾಮಾನಕ್ಕೆ ಒಪ್ಪುವ ಅಂತಿಮ ಸ್ಥಿತಿಯನ್ನು ತಲುಪುತ್ತದೆಂದು ಅಮೆರಿಕದ ಸಸ್ಯವಿಜ್ಞಾನಿ ಫ್ರೆಡೆರಿಕ್ ಕ್ಲೆಮೆಂಟ್ಸ್ 1916ರಲ್ಲಿ ವಾದಿಸಿದರು. ಪ್ರತಿಯೊಂದು ಪ್ರಭೇದವೂ ತನ್ನ ಅಗತ್ಯಕ್ಕೆ ತಕ್ಕ ಜಾಗದಲ್ಲಿ ತಾನೇ ನೆಲೆಯೂರುತ್ತದೆ, ಸಮುದಾಯ ಎಂಬುದು ಆ ಕ್ಷಣದ ಕೂಟ ಮಾತ್ರ ಎಂದು ಅದೇ ದೇಶದ ಸಸ್ಯವಿಜ್ಞಾನಿ ಹೆನ್ರಿ ಗ್ಲೀಸನ್ 1926ರಲ್ಲಿ ಬರೆದರು. ಬೆಂಕಿ, ಬರ ಮತ್ತು ಆನೆಗಳು ಒಂದರ ಹಿಂದೊಂದು ಬಂದುಹೋಗುವ ಒಣ ಎಲೆಯುದುರುವ ಕಾಡಿನಲ್ಲಿ ಕೆಲಸ ಮಾಡಿದ ನನಗೆ ಗ್ಲೀಸನ್ ಅವರ ಮಾತೇ ಹೆಚ್ಚು ದಿಟವೆನಿಸಿದೆ.

ಬದಲಾವಣೆಯನ್ನು ಬೇಗ ತಿಳಿಯಲು ಬೇರೆ ಬೇರೆ ವಯಸ್ಸಿನ ಕಾಡಿನ ತುಂಡುಗಳನ್ನು ಅಕ್ಕಪಕ್ಕದಲ್ಲಿಟ್ಟು ಹೋಲಿಸುವ ವಿಧಾನವೊಂದಿದೆ. ಪಿಎಚ್‌ಡಿಯ ಅವಧಿಗೆ ಅದು ಅನುಕೂಲಕರ. ಆದರೆ ಆ ತುಂಡುಗಳೆಲ್ಲ ಒಂದೇ ಬಗೆಯ ಇತಿಹಾಸವನ್ನು ಕಂಡಿವೆ ಎಂದು ಅಲ್ಲಿ ನಂಬಿಕೊಳ್ಳಬೇಕಾಗುತ್ತದೆ. ಕಡಿತ, ಮೇವು, ಕಿಚ್ಚುಗಳು ಜಾಗದಿಂದ ಜಾಗಕ್ಕೆ ಬದಲಾಗುವಲ್ಲಿ ಆ ನಂಬಿಕೆ ನಿಲ್ಲುವುದಿಲ್ಲ. ಹಾಗಾಗಿ ನಾನು, ಗುರುತು ಹಾಕಿದ ಒಂದೇ ಜಾಗದ ಅದೇ ಮರಗಳನ್ನು ಮತ್ತೆ ಮತ್ತೆ ಅಳೆಯುವ ಶಾಶ್ವತ ಪ್ಲಾಟ್‌ಗಳ ದಾರಿಯನ್ನು ಹಿಡಿದೆ. 1980ರ ದಶಕದ ಆರಂಭದಲ್ಲಿ ಸ್ಟೀಫನ್ ಹಬ್ಬೆಲ್ ಮತ್ತು ರಾಬಿನ್ ಫಾಸ್ಟರ್ ಅವರು ಪನಾಮಾದ ಬಾರೊ ಕೊಲರಾಡೊ ದ್ವೀಪದಲ್ಲಿ 50 ಹೆಕ್ಟೇರ್ ಗುರುತಿಸಿ, ಒಂದು ಸೆಂಟಿಮೀಟರ್ ವ್ಯಾಸ ದಾಟಿದ ಪ್ರತಿ ಮರ, ಪೊದೆಯ ಕಾಂಡವನ್ನೂ ದಾಖಲಿಸಿದ್ದು ಇದಕ್ಕೆ ಮಾದರಿಯಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಂಗಡಿಗರು 1988ರಲ್ಲಿ ಮುದುಮಲೆಯಲ್ಲಿ ಅಷ್ಟೇ ವಿಸ್ತಾರದ ಪ್ಲಾಟ್ ಆರಂಭಿಸಿದರು. ಆನೆಗಳು ಮುರಿದು ತಿನ್ನುವ ಕೈಡಿಯಾ ಎಂಬ ಸಣ್ಣ ಮರ ಅಲ್ಲಿ ಹೇಗೆ ಇಳಿಮುಖವಾಯಿತು ಎಂಬುದು ತಿಳಿದದ್ದು ಸತ್ತವುಗಳ ಲೆಕ್ಕವನ್ನೂ ವರ್ಷವರ್ಷ ಇಟ್ಟಿದ್ದರಿಂದ.

ಅಳತೆ ಎಂದರೆ ಟೇಪು ಸುತ್ತುವುದು ಎಂದುಕೊಂಡು ಬರುವ ವಿದ್ಯಾರ್ಥಿಗಳಿಗೆ ನಾನು ಮೊದಲು ತೋರಿಸುವುದು ಮೊಳೆಯನ್ನು. ಸುತ್ತಳತೆ ತೆಗೆಯುವುದು ನೆಲದಿಂದ 1.3 ಮೀಟರ್ ಎತ್ತರದಲ್ಲಿ. ಸಂಖ್ಯೆ ಕೊರೆದ ಅಲ್ಯೂಮಿನಿಯಂ ಬಿಲ್ಲೆಯ ಮೊಳೆಯನ್ನು ಆ ಮಟ್ಟದಲ್ಲಿ ಹೊಡೆಯಬಾರದು, ಏಕೆಂದರೆ ಗಾಯದ ಸುತ್ತ ಕಾಂಡ ಉಬ್ಬಿ ಮುಂದಿನ ಅಳತೆ ಕೆಡುತ್ತದೆ. ಅದಕ್ಕಿಂತ ಮೇಲೆ ಹೊಡೆದು, ಮೊಳೆಯ ತಲೆಯನ್ನು ಒಂದಿಷ್ಟು ಹೊರಗೇ ಬಿಡಬೇಕು. ಪೂರ್ತಿ ಬಡಿದರೆ ಬೆಳೆಯುವ ಮರ ಬಿಲ್ಲೆಯನ್ನೇ ನುಂಗಿಬಿಡುತ್ತದೆ. ಅಳೆದ ಜಾಗಕ್ಕೆ ಬಣ್ಣದ ಗೆರೆ ಎಳೆಯಬೇಕು. ಮತ್ತಿಯ ದಪ್ಪ, ಬಿರಿದ ತೊಗಟೆಯ ಮೇಲೆ ಟೇಪು ಎರಡು ಬೆರಳು ಮೇಲೆ ಕೆಳಗೆ ಹೋದರೂ ಒಂದು ವರ್ಷದ ಬೆಳವಣಿಗೆಗಿಂತ ದೊಡ್ಡ ವ್ಯತ್ಯಾಸ ಕಾಣಿಸಬಹುದು. ಬೇಸಿಗೆಯಲ್ಲಿ ನೀರಿನಂಶ ಕಳೆದುಕೊಂಡು ಕಾಂಡ ತುಸು ಕುಗ್ಗುವುದರಿಂದ, ಮಳೆಗಾಲದ ಕೊನೆಯಲ್ಲಿ ಅಳೆದ ಮರವನ್ನು ಮುಂದಿನ ಬಾರಿ ಕಡುಬೇಸಿಗೆಯಲ್ಲಿ ಅಳೆದರೆ ಮರ ಸಣ್ಣದಾಗಿದೆ ಎಂಬ ಅಸಂಬದ್ಧ ಉತ್ತರ ಬರುತ್ತದೆ. ಸಂಶೋಧನಾ ಅನುದಾನದ ಹಣ ಯಾವಾಗ ಬಿಡುಗಡೆಯಾದರೂ ಅಳತೆಯ ತಿಂಗಳನ್ನು ಬದಲಿಸಬಾರದು ಎಂದು ನಾನು ಹಟ ಹಿಡಿದದ್ದು ಇದಕ್ಕಾಗಿಯೇ.

ದೊಡ್ಡ ಮರಗಳಿಗಿಂತ ಹೆಚ್ಚು ಕಲಿಸಿದ್ದು ಸಸಿಗಳು. ಒಣ ಕಾಡಿನಲ್ಲಿ ಬೆಂಕಿ ಹಾದುಹೋದ ಮೇಲೆ ಮೊಣಕಾಲೆತ್ತರದ ಗಿಡಗಳ ಮೇಲುಭಾಗವೆಲ್ಲ ಸುಟ್ಟು ಕರಕಲಾಗಿರುತ್ತದೆ. ನಮೂನೆಯಲ್ಲಿ ‘ಬದುಕಿದೆ’, ‘ಸತ್ತಿದೆ’ ಎಂಬ ಎರಡೇ ಕಾಲಂ ಇದ್ದರೆ ಅವೆಲ್ಲವೂ ಸತ್ತವೆಂದೇ ದಾಖಲಾಗುತ್ತವೆ. ಮುಂಗಾರಿನ ನಂತರ ಅದೇ ಬೇರಿನಿಂದ ಚಿಗುರು ಮೇಲೇಳುತ್ತದೆ. ಹೀಗೆ ವರ್ಷವರ್ಷವೂ ಸುಟ್ಟು ಚಿಗುರುತ್ತ ಬೇರಿನಲ್ಲಿ ಆಹಾರ ಕೂಡಿಟ್ಟುಕೊಂಡ ಗಿಡ, ಬೆಂಕಿಯಿಲ್ಲದ ಕೆಲವು ವರ್ಷಗಳು ಒಟ್ಟಿಗೆ ಸಿಕ್ಕರೆ ಸರ್ರನೆ ಬೆಳೆದು ಜ್ವಾಲೆಯ ಎತ್ತರವನ್ನು ದಾಟಿಬಿಡುತ್ತದೆ. ಆದ್ದರಿಂದ ನಮ್ಮ ನಮೂನೆಯಲ್ಲಿ ‘ಮೇಲುಭಾಗ ಸತ್ತಿದೆ, ಬೇರು ತಿಳಿಯದು’ ಎಂಬ ಮೂರನೆಯ ಕಾಲಂ ಇದೆ. ಒಂದು ಮಳೆಗಾಲ ಕಳೆಯುವವರೆಗೆ ಅದನ್ನು ಸಾವಿನ ಲೆಕ್ಕಕ್ಕೆ ಸೇರಿಸುವುದಿಲ್ಲ. ಬೆಂಕಿಯ ಹಾನಿಯನ್ನು ಮರುತಿಂಗಳೇ ಅಂದಾಜು ಮಾಡಿ ಕೊಡುವ ವರದಿಗಳನ್ನು ನಾನು ನಂಬದಿರುವುದಕ್ಕೂ ಇದೇ ಕಾರಣ.

ಸಂರಕ್ಷಣೆಯ ಸಲಹೆ ಹುಟ್ಟಬೇಕಾದದ್ದು ಈ ಅಂಕಿಗಳಿಂದ. ದೊಡ್ಡ ಮರಗಳು ಎಷ್ಟಿವೆ ಎಂಬುದು ಹಿಂದಿನ ಕಾಲದ ಕಥೆ. ಸಸಿಗಳು ಮರಗಳ ಸಾಲಿಗೆ ಸೇರುವ ವೇಗ ಸಾವಿನ ವೇಗಕ್ಕಿಂತ ಹಿಂದೆ ಬಿದ್ದಿದೆಯೇ ಎಂಬುದನ್ನು ನೋಡಬೇಕು. ಅದರಲ್ಲೂ ಆತುರ ಸಲ್ಲದು, ಏಕೆಂದರೆ ಬೆಳಕನ್ನು ಬಯಸುವ ಕೆಲವು ಪ್ರಭೇದಗಳಲ್ಲಿ ಸಣ್ಣ ಗಿಡಗಳು ಕಡಿಮೆ ಇರುವುದೇ ಸಹಜ. ಬೆಂಕಿಯ ವಿಷಯದಲ್ಲಿ ಕಾಡಿನ ಜನರ ಮಾತನ್ನೂ ಅಂಕಿಯಷ್ಟೇ ಗಂಭೀರವಾಗಿ ತೆಗೆದುಕೊಳ್ಳುವುದು ನನ್ನ ಪದ್ಧತಿ. ಬೇಸಿಗೆ ಬಲಿಯುವ ಮುನ್ನವೇ ನೆಲದ ಒಣ ಎಲೆ ಸುಡಲು ಹಾಕುತ್ತಿದ್ದ ತರಗು ಬೆಂಕಿ ನಿಂತ ಮೇಲೆ ಲಂಟಾನ ಎಂಬ ಹೊರಗಿನಿಂದ ಬಂದ ಕಳೆಪೊದೆ ಹಬ್ಬಿತು, ನೆಲ್ಲಿ ಮರಗಳಲ್ಲಿ ಉಪ್ಪಿಲು ಎಂಬ ಪರಾವಲಂಬಿ ಗಿಡ ಹೆಚ್ಚಿತು ಎಂದು ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹೇಳುತ್ತ ಬಂದಿದ್ದಾರೆ. ಅದು ಪರೀಕ್ಷಿಸಿ ನೋಡಬಹುದಾದ ಪ್ರತಿಪಾದನೆ, ಬರಿಯ ನೆನಪಲ್ಲ.

ಲಂಟಾನ ತೆಗೆಸುವ ಕೆಲಸಕ್ಕೆ ಸಲಹೆ ಕೇಳಿದಾಗಲೆಲ್ಲ ನಾನು ಎರಡು ಷರತ್ತುಗಳನ್ನು ಇಡುತ್ತೇನೆ. ಹಕ್ಕಿಗಳು ಕುಳಿತು ಬೀಜ ಉದುರಿಸುವ ಮರಗಳ ಕೆಳಗೆ ಅದು ಮತ್ತೆ ಹುಟ್ಟುವುದರಿಂದ, ಮುಂದಿನ ವರ್ಷಗಳಲ್ಲೂ ಹೊಸ ಗಿಡಗಳನ್ನು ಕೀಳಲು ಈಗಲೇ ಹಣ ತೆಗೆದಿಡಬೇಕು ಎಂಬುದು ಒಂದು. ಹೋಲಿಕೆಗಾಗಿ ಒಂದು ಭಾಗವನ್ನು ಮುಟ್ಟದೆ ಹಾಗೆಯೇ ಬಿಡಬೇಕು ಎಂಬುದು ಇನ್ನೊಂದು. ಕೆಲಸ ನಡೆಸುವವರಿಗೆ ಈ ಎರಡನೆಯದನ್ನು ಒಪ್ಪಿಸುವುದು ಸುಲಭವಲ್ಲ, ಬಿಟ್ಟ ಭಾಗ ಅವರ ಕಣ್ಣಿಗೆ ಅರ್ಧ ಮಾಡಿದ ಕೆಲಸದಂತೆ ಕಾಣುತ್ತದೆ. ಒಪ್ಪಿದ ಕಡೆಗಳಲ್ಲಿ ಮೂಲೆಕಲ್ಲುಗಳನ್ನು ನೆಟ್ಟು, ಅವುಗಳ ಜಿಪಿಎಸ್ ಸ್ಥಾನವನ್ನೂ ಮುಂದಿನ ಅಳತೆಯ ವರ್ಷವನ್ನೂ ನಿರ್ವಹಣಾ ಯೋಜನೆಯಲ್ಲಿಯೇ ಬರೆಸಿದ್ದೇವೆ. ಅಧಿಕಾರಿಯೂ ಸಂಶೋಧಕನೂ ವರ್ಗವಾಗಿ ಹೋದರೂ ಮುಂದಿನವರು ಅದೇ ಗಿಡವನ್ನು ಹುಡುಕಿ ಅಳೆಯಲು ಇಷ್ಟು ಸಾಕು.